ಇವತ್ತು ಹುಳಿ ಯಾವುದು ಅಕ್ಕಾ?

ಮೊದಲೇ ಹೇಳಿಬಿಡುತ್ತೇನೆ, ನಾನು ಹೇಳಹೊರಟ ಈ ಮಲೆನಾಡು ಊಟದ ಜಾಗಕ್ಕೆ ಬೋರ್ಡ್ ಇಲ್ಲ. ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ಹೊರಟು ಗಾಜನೂರು, ಸಕ್ರೆಬೈಲು, ಮಂಡಗದ್ದೆ ಎಲ್ಲ ದಾಟಿದ ಮೇಲೆ ಒಂದು ಮಣ್ಣು ರಸ್ತೆಗೆ ತಿರುಗಬೇಕು. ಅಡಿಕೆ ತೋಟದ ಮೇಲ್ಗಡೆ ಒಂದು ಹಂಚಿನ ಮನೆ. ಜಗಲಿಯಲ್ಲಿ ನಾಲ್ಕು ಟೇಬಲ್, 16 ಜನ ಕೂತರೆ ಮುಗೀತು. ನಡೆಸುವವರು ಗಂಡ ಹೆಂಡತಿ, ಜೊತೆಗೆ ಕೆಲಸಕ್ಕೆ ಪಕ್ಕದ ಮನೆಯ ಒಬ್ಬರು. ಹೆಸರು ಹಾಕಿ ಬರೆಯಲಾ ಅಂತ ಆ ಮನೆಯೊಡತಿ ಅಕ್ಕನ ಹತ್ತಿರ ಕೇಳಿದೆ. "ಬ್ಯಾಡ ಮಾರಾಯ್ರೆ, ಒಂದೇ ಸಲ ಐವತ್ತು ಜನ ಬಂದ್ರೆ ಎಂತ ಮಾಡದು? ಬಂದೋರಿಗೆ ಇಲ್ಲ ಅನ್ನಕ್ಕೂ ಆಗಲ್ಲ" ಅಂದರು. ಹಾಗಾಗಿ ಹೆಸರಿಲ್ಲ. ನಿಜಕ್ಕೂ ಉಣ್ಣಲು ಹೋಗುವವರು ಕೇಳಿದರೆ ದಾರಿ ಹೇಳುತ್ತೇನೆ, ಸುಮ್ನೆ ರೀಲ್ಸ್ ಮಾಡಲು ಹೋಗುವವರಿಗೆ ಹೇಳುವುದಿಲ್ಲ.

ಕಳೆದ ಜುಲೈನಿಂದ ಈ ಏಪ್ರಿಲ್‌ವರೆಗೆ ನಾಲ್ಕು ಸಲ ಹೋಗಿ ಬಂದೆವು. ಮೂರು ಸಲ ಹೊಟ್ಟೆ ತುಂಬ ಖುಷಿ, ಒಂದು ಸಲ ಬೇಜಾರು. ಬೇಜಾರಿನದನ್ನೂ ಬರೆಯುತ್ತೇನೆ, ಇಲ್ಲದಿದ್ದರೆ ನೆಂಟರ ಮನೆ ಹೊಗಳಿದ ಹಾಗೆ ಆಗುತ್ತದೆ.

ನಾನು ಹೊಸನಗರ ತಾಲ್ಲೂಕಿನವನು, ಹನ್ನೆರಡು ವರ್ಷದಿಂದ ಶಿವಮೊಗ್ಗದಲ್ಲಿ ಕೆಲಸ. ಹೆಂಡತಿ ದಾವಣಗೆರೆಯವಳು. ಅವಳಿಗೆ ಊಟ ಅಂದರೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಸಂಜೆಯಾದರೆ ಮಂಡಕ್ಕಿ ಮೆಣಸಿನಕಾಯಿ. ಮದುವೆಯಾದ ಹೊಸತರಲ್ಲಿ ನಮ್ಮಮ್ಮ ಬಡಿಸಿದ ತಂಬುಳಿ ನೋಡಿ "ಮಜ್ಜಿಗೆ ಒಳಗೆ ಸೊಪ್ಪು ಬಿದ್ದೈತಲ್ರೀ" ಅಂದವಳು. ಅವಳನ್ನು ಜೊತೆಗೆ ಕರೆದುಕೊಂಡು ಹೋಗುವುದು ಒಳ್ಳೆಯದೇ. ನಾನಾದರೆ ಊರಿನ ನೆನಪಿಗೆ ಸೋತು ಏನನ್ನು ಬೇಕಾದರೂ ಚೆನ್ನಾಗಿದೆ ಅಂದುಬಿಡುತ್ತೇನೆ, ಅವಳು ಹಾಗೆ ಬಿಡುವುದಿಲ್ಲ.

ಈಗ ಆಗುಂಬೆ ಕಡೆಗೂ ಸಾಗರದ ಕಡೆಗೂ ರಸ್ತೆ ಪಕ್ಕ "ಮಲೆನಾಡು ಊಟ ಸಿಗುತ್ತದೆ" ಅನ್ನುವ ಬೋರ್ಡುಗಳಿಗೆ ಬರ ಇಲ್ಲ. ನಾವೂ ಮೋಸ ಹೋಗಿದ್ದೇವೆ. ಹೋದ ವರ್ಷ ಒಂದು ರೆಸಾರ್ಟಿನಲ್ಲಿ ತಲೆಗೆ 450 ರೂಪಾಯಿ ಕೊಟ್ಟು ಮಲೆನಾಡು ಥಾಲಿ ಅಂತ ತಿಂದೆವು. ಅಕ್ಕಿ ರೊಟ್ಟಿಗೆ ಈರುಳ್ಳಿ, ಕ್ಯಾರೆಟ್, ಸಬ್ಬಸಿಗೆ ಎಲ್ಲ ಹಾಕಿ ತಟ್ಟಿದ್ದರು. ಅದು ಮೈಸೂರು ಕಡೆಯ ರೊಟ್ಟಿ, ಅದಕ್ಕೂ ಅದರದ್ದೇ ರುಚಿ ಇದೆ, ಆದರೆ ನಮ್ಮ ಕಡೆ ರೊಟ್ಟಿ ಅಂದರೆ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಉಕ್ಕರಿಸಿ, ಬಿಸಿ ಇರುವಾಗಲೇ ನಾದಿ, ತೆಳ್ಳಗೆ ಮಾಡಿ, ಹಂಚಿನ ಮೇಲೆ ಒಂದು ಸುತ್ತು ಹಾಕಿ ಕೆಂಡಕ್ಕೆ ಕೊಟ್ಟರೆ ಉಬ್ಬಿ ಬರುವ ಬಿಳಿ ರೊಟ್ಟಿ. ಪಕ್ಕದಲ್ಲಿ ಗೋಬಿ ಮಂಚೂರಿ ಬೇರೆ. ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಹುಳಿ. ಸಾರು, ಗೊಜ್ಜು, ಪಲ್ಯ, ಕೊನೆಗೆ ಮಾವಿನಕಾಯಿಯಲ್ಲಿ ಮಾಡಬೇಕಾದ ಅಪ್ಪೆಹುಳಿ ಅಂತ ಕೊಟ್ಟ ಲೋಟಕ್ಕೂ ಒಂದೇ ಹುಣಸೆ ರಸ.

ಇದು ನನ್ನ ಹಟ ಅಂತಲೇ ಇಟ್ಟುಕೊಳ್ಳಿ. ಮಲೆನಾಡಿನ ಅಡುಗೆ ಸರಿಯಾಗಿದೆಯಾ ಇಲ್ಲವಾ ಅಂತ ನಾನು ನೋಡುವುದು ಹುಳಿಯಲ್ಲಿ. ನಮ್ಮಲ್ಲಿ ಸಾಂಬಾರಿಗೇ ಹುಳಿ ಅಂತ ಹೆಸರು, ತಂಪು ಹುಳಿಯೇ ತಂಬುಳಿ ಆಯಿತು ಅನ್ನುತ್ತಾರೆ, ಅಪ್ಪೆಹುಳಿಯಲ್ಲಂತೂ ಹೆಸರಲ್ಲೇ ಇದೆ. ಹುಣಸೆ ಮರಕ್ಕೆ ಬಯಲುಸೀಮೆಯ ಒಣ ಹವೆ ಚಂದ, ನಮ್ಮ ಮಳೆಯಲ್ಲಿ ಅದು ಅಷ್ಟು ಏಳುವುದಿಲ್ಲ, ಹುಣಸೆಹಣ್ಣು ನಮಗೆ ಅಂಗಡಿಯಿಂದ ತರುವ ಸಾಮಾನು. ಹಿತ್ತಲಲ್ಲಿ, ಬೇಲಿಯಲ್ಲಿ, ಕಾಡಲ್ಲಿ ಇದ್ದ ಹುಳಿ ಬೇರೆ. ವಾಟೆಹುಳಿ, ಅದು ಹಲಸಿನ ಜಾತಿಯ ಮರ, ಕಾಯಿ ಹೆಚ್ಚಿ ಬಿಸಿಲಿಗೆ ಒಣಗಿಸಿ ಡಬ್ಬಿಗೆ ತುಂಬಿಡುವುದು. ಮುರುಗಲಿನ ಕೆಂಪು ಸಿಪ್ಪೆ. ಅದರ ಅಣ್ಣತಮ್ಮನಂಥ ಉಪ್ಪಾಗೆ, ಒಲೆಯ ಮೇಲೆ ಹೊಗೆಗೆ ಒಣಗಿ ಕಪ್ಪಾದದ್ದು. ಬಾವಿಕಟ್ಟೆ ಹತ್ತಿರದ ಬಿಂಬಲಿ. ಹೇರಳೆಕಾಯಿ. ಕಾಡಿನ ಅಪ್ಪೆಮಾವು. ಏನೂ ಇಲ್ಲದ ದಿನ ಎರಡು ದಿನದ ಹುಳಿ ಮಜ್ಜಿಗೆ. ಒಂದೊಂದರ ಹುಳಿ ಒಂದೊಂದು ಥರ. ಮುರುಗಲು ಚುರ್ ಅಂದು ತಕ್ಷಣ ಹೋಗುತ್ತದೆ, ವಾಟೆ ಮೆಲ್ಲಗೆ ಬಂದು ಅಲ್ಲೇ ಕೂರುತ್ತದೆ, ಉಪ್ಪಾಗೆಯಲ್ಲಿ ಹೊಗೆ ವಾಸನೆ ಇರುತ್ತದೆ. ಯಾವ ಪದಾರ್ಥಕ್ಕೆ ಯಾವುದು ಅಂತ ನಮ್ಮಜ್ಜಿಗೆ ಯೋಚನೆಯೇ ಬೇಕಿರಲಿಲ್ಲ.

ಇಷ್ಟು ಪೀಠಿಕೆ ಸಾಕು, ಊಟಕ್ಕೆ ಬರೋಣ.

ಮೊದಲ ಸಲ ಹೋದದ್ದು ಪುನರ್ವಸು ಮಳೆಯಲ್ಲಿ, ಜುಲೈ ಎರಡನೇ ವಾರ. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿ ಗೂಡು, ಹತ್ತು ನಿಮಿಷ ನಿಂತು ನೋಡಿದೆವು, ಅಷ್ಟರಲ್ಲಿ ಇಬ್ಬರೂ ಒದ್ದೆ. ಜಗಲಿ ಹತ್ತುತ್ತಿದ್ದ ಹಾಗೆ ಅಕ್ಕ ಕೇಳಿದ್ದು, "ಆಸರಿಗೆ ಎಂತ ಬೇಕು?" ಎಷ್ಟು ದಿನ ಆಗಿತ್ತು ಆ ಮಾತು ಕೇಳಿ. ಹೆಂಡತಿಗೆ ಅರ್ಥ ಆಗಲಿಲ್ಲ, ಕುಡಿಯಲು ಏನು ಬೇಕು ಅಂತ ಕೇಳುತ್ತಿದ್ದಾರೆ ಎಂದೆ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹುರಿದು ಪುಡಿ ಮಾಡಿದ ಕಷಾಯ ಬಂತು, ಹಾಲು ಬೆಲ್ಲ ಹಾಕಿದ್ದು, ಬಾಯಿ ಸುಡುವಷ್ಟು ಬಿಸಿ. ಇದಕ್ಕೆ ದುಡ್ಡು ಹಿಡಿಯಲಿಲ್ಲ.

ಮೆನು ಇಲ್ಲ. ಇವತ್ತು ಇದು ಇದೆ ಅಂತ ಬಾಯಲ್ಲಿ ಹೇಳುತ್ತಾರೆ. ಆ ದಿನ ಪತ್ರೊಡೆ, ಹೆಸರುಕಾಳು ಹಾಕಿದ ಕಳಲೆ ಪಲ್ಯ, ಒಂದೆಲಗದ ತಂಬುಳಿ, ಮೊಗೆಕಾಯಿ ಹುಳಿ, ಕುಸುಬಲಕ್ಕಿ ಅನ್ನ, ಹಲಸಿನಕಾಯಿ ಹಪ್ಪಳ, ಮಿಡಿ ಉಪ್ಪಿನಕಾಯಿ. ಬೆಳ್ತಿಗೆ ಅನ್ನ ಬೇಕಾದರೂ ಇತ್ತು. ಬಾಳೆ ಎಲೆ ಮೇಲೆ ಬಡಿಸುತ್ತಾರೆ, 140 ರೂಪಾಯಿ, ಎಷ್ಟು ಬೇಕಾದರೂ ಹಾಕಿಸಿಕೊಳ್ಳಬಹುದು.

ಪತ್ರೊಡೆ ಬಗ್ಗೆ ನನಗೆ ಒಂದು ಹಳೇ ಗಾಯ ಇದೆ. ಎರಡು ವರ್ಷದ ಹಿಂದೆ ಘಟ್ಟದ ಹತ್ತಿರ ಒಂದು ಹೋಟೆಲಿನಲ್ಲಿ ಆಸೆಪಟ್ಟು ತಿಂದು ಗಂಟಲು ತುರಿಸಿ ತುರಿಸಿ, ಅರ್ಧ ಗಂಟೆ ಮಾತೇ ಹೊರಡಲಿಲ್ಲ, ಸಪ್ಲೈಯರ್ ಬಂದು ಸಕ್ಕರೆ ಕೊಟ್ಟ. ಪತ್ರೊಡೆ ಮಾಡುವ ಕೆಸುವಿನ ಎಲೆಯಲ್ಲಿ ಕಣ್ಣಿಗೆ ಕಾಣದ ಸೂಜಿಯಂಥ ಹರಳು ಇರುತ್ತವೆ, ಕ್ಯಾಲ್ಸಿಯಂ ಆಕ್ಸಲೇಟ್. ಅವು ಚುಚ್ಚುವುದಕ್ಕೇ ತುರಿಕೆ. ಹುಳಿ ಸರಿಯಾಗಿ ಬಿದ್ದು, ಎಲೆ ಪೂರ್ತಿ ಬೆಂದರೆ ಏನೂ ಆಗುವುದಿಲ್ಲ. ಹುಳಿ ಉಳಿಸಲು ಹೋದರೆ ಗಂಟಲು ಹೋಯಿತು ಅಂತಲೇ ಲೆಕ್ಕ. ಹಾಗಾಗಿ ಇಲ್ಲಿ ಮೊದಲ ತುಂಡನ್ನು ಹೆದರಿಕೊಂಡೇ ಬಾಯಿಗಿಟ್ಟೆ. ಹೆಂಡತಿ ನಾನು ಬದುಕುತ್ತೇನಾ ಅಂತ ನೋಡುತ್ತ ಕೂತಿದ್ದಳು. ಏನೂ ಆಗಲಿಲ್ಲ. ಅಕ್ಕಿ ಹಿಟ್ಟಿನ ಪದರ ತೆಳ್ಳಗಿತ್ತು, ಎಲೆಯ ಪದರ ಜಾಸ್ತಿ ಇತ್ತು, ಸುರುಳಿ ಹೆಚ್ಚಿದ ಕಡೆ ಒಂದರ ಒಳಗೊಂದು ಹಸಿರು ಗೆರೆ ಎಣಿಸಬಹುದಿತ್ತು. ಮೇಲೆ ಕಾಯಿತುರಿ, ಸಾಸಿವೆ ಒಗ್ಗರಣೆ. ಪಕ್ಕಕ್ಕೆ ತುಪ್ಪ. ಹುಳಿ ಯಾವುದು ಅಂತ ಕೇಳಿದೆ. ಇದಕ್ಕೆ ಮಾತ್ರ ಹುಣಸೆಯೇ ಹಾಕುವುದಂತೆ. "ಪತ್ರೊಡೆಗೆ ಹುಣಸೆನೇ ಬೇಕು, ಬ್ಯಾರೆ ಹುಳಿ ನಂಬಕ್ಕಾಗಲ್ಲ" ಅಂದರು. ನನ್ನ ಹಟಕ್ಕೆ ಮೊದಲ ದಿನವೇ ಒಂದು ಪೆಟ್ಟು! ಮರಕೆಸು ಸಿಕ್ಕಿದ ದಿನ ಅದರಲ್ಲಿ ಮಾಡುತ್ತಾರಂತೆ, ಮಳೆಗಾಲದಲ್ಲಿ ಮಾತ್ರ ಮರದ ಮೇಲೆ ಚಿಗುರುವ ಕೆಸು ಅದು. ನಮಗೆ ಸಿಕ್ಕಿದ್ದು ನೆಲದ್ದೇ.

ಕಳಲೆ ಎಲ್ಲರಿಗೂ ಅಲ್ಲ. ಎಳೆ ಬಿದಿರಿನ ಆ ವಾಸನೆ ಇಷ್ಟವಾದರೆ ಪ್ರಾಣ, ಇಲ್ಲದಿದ್ದರೆ ಎಲೆ ಬಿಟ್ಟು ಏಳಬೇಕು ಅನ್ನಿಸುತ್ತದೆ. ತಂದ ದಿನವೇ ಒಲೆಗೆ ಇಡುವ ಪದಾರ್ಥವೂ ಅಲ್ಲ. ಸಿಪ್ಪೆ ಸುಲಿದು ಸಣ್ಣಗೆ ಹೆಚ್ಚಿ ಎರಡು ಮೂರು ದಿನ ನೀರಲ್ಲಿಟ್ಟು, ದಿನಾ ಆ ನೀರು ಚೆಲ್ಲಿ ಹೊಸ ನೀರು ಹಾಕಬೇಕು. ಹಸಿ ಕಳಲೆ ಹೊಟ್ಟೆಗೆ ಹೋದರೆ ಸೈನೈಡ್ ಆಗುವ ಅಂಶ ಅದರಲ್ಲಿದೆ, ನೆನೆಸಿ ಬೇಯಿಸಿದರೆ ಹೋಗುತ್ತದೆ. ಪೇಟೆಯ ಕೆಲವರು ಹೆದರಿ ಜಾಸ್ತಿಯೇ ತೊಳೆದು ಬೇಯಿಸಿ ಹಿಂಡುತ್ತಾರೆ, ಆಮೇಲೆ ತಿಂದರೆ ಒದ್ದೆ ಕಾಗದ ತಿಂದ ಹಾಗೆ. ಇಲ್ಲಿ ಕಳಲೆ ಹಲ್ಲಿಗೆ ಕರುಂ ಅನ್ನುತ್ತಿತ್ತು, ವಾಸನೆ ಅರ್ಧ ಉಳಿದಿತ್ತು, ಸೂಜಿಮೆಣಸಿನ ಖಾರ ಕಿವಿಗೆ ಏರುತ್ತಿತ್ತು. ಹೆಂಡತಿ ಎರಡು ತುತ್ತು ತಿಂದು ಪಕ್ಕಕ್ಕೆ ಸರಿಸಿದಳು. ಅವಳ ಪಾಲೂ ನನಗೇ ಬಂತು, ನನಗೇನೂ ಬೇಸರವಿಲ್ಲ.

ಅವಳು ಸೋತದ್ದು ತಂಬುಳಿಗೆ. ಒಂದೆಲಗವನ್ನು ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿ ಹಾಕಿ ರುಬ್ಬಿ ಮಜ್ಜಿಗೆಗೆ ಬೆರೆಸುವುದು, ಕುದಿಸುವ ಹಾಗಿಲ್ಲ. ಇದರಲ್ಲಿ ಮಜ್ಜಿಗೆ ಹುಳಿಯೇ ಎಲ್ಲ. ಪ್ಯಾಕೆಟ್ ಮೊಸರಲ್ಲಿ ಮಾಡಿದರೆ ಬರೀ ಬೆಳ್ಳಗೆ ದಪ್ಪಗೆ ಆಗುತ್ತದೆ, ಏನೋ ಡಿಪ್ ಥರ. ಇಲ್ಲಿಯದು ಮನೆಯ ಹಸುವಿನ ಕಡೆದ ಮಜ್ಜಿಗೆ, ತೆಳ್ಳಗೆ, ನಾಲಿಗೆಯ ಎರಡೂ ಅಂಚಿಗೆ ತಾಗುವ ಹುಳಿ. ಮೊದಲು ಅನ್ನಕ್ಕೆ ಹಾಕಿಸಿಕೊಂಡಳು, ಆಮೇಲೆ ಲೋಟದಲ್ಲಿ ಕೇಳಿದಳು. ಸೊಪ್ಪು ಬಿದ್ದ ಮಜ್ಜಿಗೆ ಅಂದವಳು ಇವಳೇ!

ಎರಡನೇ ಸಲ ಅಕ್ಟೋಬರಿನಲ್ಲಿ, ಭೂಮಿ ಹುಣ್ಣಿಮೆ ಮುಗಿದ ಭಾನುವಾರ. ಆ ಹಬ್ಬ ಗೊತ್ತಿಲ್ಲದವರಿಗೆ ಒಂದು ಮಾತು. ಭತ್ತ ಹೊಡೆ ತುಂಬಿದ ಹೊತ್ತಿಗೆ ಭೂಮಿ ತಾಯಿಗೆ ಬಯಕೆ ಊಟ ಬಡಿಸುವ ಹಬ್ಬ ಅದು. ರಾತ್ರಿಯಿಡೀ ಅಡುಗೆ ಮಾಡಿ, ಚಿತ್ತಾರ ಬರೆದ ಬುಟ್ಟಿಯಲ್ಲಿಟ್ಟು, ಬೆಳಕು ಹರಿಯುವ ಮೊದಲು ಗದ್ದೆಗೆ ಹೋಗಿ ಬೀರುತ್ತಾರೆ. ನೂರೊಂದು ಕುಡಿ ಅಂತ ಹಿತ್ತಲು, ಬೇಲಿ, ಗುಡ್ಡದ ಸೊಪ್ಪೆಲ್ಲ ಅದರಲ್ಲಿ ಸೇರುತ್ತದೆ. ಅಕ್ಕನ ಮನೆಯಲ್ಲಿ ಆ ದಿನವೂ ಬೆರಕೆ ಸೊಪ್ಪಿನ ಪಲ್ಯ ಇತ್ತು. ಯಾವ ಯಾವ ಸೊಪ್ಪು ಅಂತ ಕೇಳಿದರೆ ಹದಿನೈದರವರೆಗೆ ಹೇಳಿ, "ಇನ್ನುಳಿದಿದ್ದು ಎಂತದೋ, ಕೈಗೆ ಸಿಕ್ಕಿದ್ದು" ಅಂದರು.

ಭಾನುವಾರ ಮಾತ್ರ ಇಲ್ಲಿ ಕೋಳಿ ಕಡುಬು. 240 ರೂಪಾಯಿ, ಹಿಂದಿನ ದಿನವೇ ಹೇಳಿರಬೇಕು. ನಮ್ಮ ಕಡೆ ನೆಂಟರು ಬಂದರೆ ಕೋಳಿ ಕಜ್ಜಾಯ ಅನ್ನುವ ಮಾತೇ ಇದೆ. ಕಡುಬು ಅಂದ ತಕ್ಷಣ ಬೇರೆ ಕಡೆಯವರು ಸಿಹಿ ಹೂರಣದ್ದು ಅಂದುಕೊಳ್ಳುತ್ತಾರೆ. ಇದು ಅಕ್ಕಿ ತರಿಯದ್ದು. ಉಪ್ಪು ಹಾಕಿ ಕುದಿಸಿದ ನೀರಿಗೆ ತರಿ ಹಾಕಿ, ಗಟ್ಟಿಯಾಗುವವರೆಗೆ ತಿರುವಿ, ಕೈ ತಡೆಯುವ ಬಿಸಿಯಲ್ಲಿ ಉಂಡೆ ಕಟ್ಟಿ, ಹಬೆಯಲ್ಲಿ ಇನ್ನೊಮ್ಮೆ ಬೇಯಿಸುವುದು. ಬೇರೇನೂ ಹಾಕುವುದಿಲ್ಲ, ಹಾಗಾಗಿ ತಪ್ಪು ಮುಚ್ಚಿಡಲೂ ಆಗುವುದಿಲ್ಲ. ತಿರುವುವಾಗ ನೀರು ಕಡಿಮೆಯಾದರೆ ಒಳಗೆ ಹಸಿ ತರಿ, ಜಾಸ್ತಿಯಾದರೆ ಅಂಟು. ಅವತ್ತಿನ ಕಡುಬು ಮುರಿದರೆ ಹಬೆ ಹೊರಗೆ ಬಂತು, ಒಳಗೆ ತರಿ ತರಿಯಾಗಿ ಬಿಡಿಬಿಡಿಯಾಗಿತ್ತು, ಸಾರನ್ನು ಸ್ಪಂಜಿನ ಹಾಗೆ ಹೀರಿಕೊಂಡಿತು. ಸಾರು ನಾಟಿ ಕೋಳಿಯದು. ಕೊತ್ತಂಬರಿ, ಕಾಳುಮೆಣಸು ಹುರಿದ ಬಣ್ಣ, ಕಾಯಿ ರುಬ್ಬಿದ್ದು, ತೆಳ್ಳಗೆ. ಹೋಟೆಲ್ ಗ್ರೇವಿಯ ಹಾಗೆ ಎಣ್ಣೆ ತೇಲುವುದಿಲ್ಲ, ಕೆಂಪಗೂ ಇರುವುದಿಲ್ಲ, ಫೋಟೋದಲ್ಲಿ ಏನೂ ಚಂದ ಕಾಣುವುದಿಲ್ಲ. ನಾನು ಐದು ಕಡುಬು ತಿಂದೆ. ಹೆಂಡತಿ ಮೂರು ತಿಂದು, ರಾಗಿ ಮುದ್ದೆಯವರು ಇದನ್ನು ನೋಡಿದರೆ ಪಾರ್ಟಿ ಬದಲಾಯಿಸುತ್ತಾರೆ ಅಂದಳು.

ಒತ್ತು ಶ್ಯಾವಿಗೆ ಇತ್ತು ಕೊನೆಗೆ, ಕಾಯಿಹಾಲಿನ ಜೊತೆ. ಮನೆಯವರು, ಅಂದರೆ ಅಕ್ಕನ ಯಜಮಾನರು, ಒರಳು ತಿರುಗಿಸುತ್ತಿದ್ದರು. ಬೇಯಿಸಿದ ಹಿಟ್ಟಿನ ಉಂಡೆ ಬಿಸಿ ಆರುವ ಮೊದಲು ಒತ್ತಬೇಕು, ಆರಿದರೆ ಎಷ್ಟು ಒತ್ತಿದರೂ ಇಳಿಯುವುದಿಲ್ಲ, ಭುಜ ಇಳಿಯುತ್ತದೆ ಅಷ್ಟೇ. ಕಾಯಿಹಾಲಿಗೆ ಬೆಲ್ಲ ಸ್ವಲ್ಪ ಜಾಸ್ತಿ ಆಗಿತ್ತು ನನ್ನ ನಾಲಿಗೆಗೆ. ಏಲಕ್ಕಿಯೂ ಅಷ್ಟೇ. ಇದು ಅವರ ಕೈಯ ಗುಣ ಇರಬೇಕು, ಪ್ರತಿ ಸಲ ಸಿಹಿಯಲ್ಲಿ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ.

ಈಗ ಬೇಜಾರಿನ ಕತೆ. ಡಿಸೆಂಬರ್ ಕೊನೆಯ ವಾರ, ರಜೆ, ಬೆಂಗಳೂರಿನಿಂದ ಬಂದ ನನ್ನ ಸ್ನೇಹಿತನ ಸಂಸಾರವನ್ನೂ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ನಾನು ಮಾಡಿದ ವರ್ಣನೆ ಕೇಳಿ ಅವರಿಗೆ ಕೊಪ್ಪದವರೆಗೂ ಆಗುವಷ್ಟು ಹಸಿವು. ಹೋಗಿ ನೋಡಿದರೆ ಅಂಗಳದಲ್ಲಿ ಆರು ಕಾರು. ಫೋನ್ ಮಾಡಿ ಹೇಳಿದ್ದೆವು, ಆದರೂ ಒಂದು ಗಂಟೆ ಹತ್ತು ನಿಮಿಷ ಕಾದೆವು. ಮಕ್ಕಳು ಅಡಿಕೆ ಒಣಗಿಸಿದ್ದರ ಮೇಲೆ ಓಡಾಡಿ ಯಜಮಾನರಿಂದ ಬೈಸಿಕೊಂಡರು, ಬೈದದ್ದು ಸರಿಯೇ. ಪಕ್ಕದ ಟೇಬಲಿನ ಹುಡುಗರು ಮೊಬೈಲ್ ಹಿಡಿದುಕೊಂಡು "ಆಂಟಿ, ಇರುವೆ ಚಟ್ನಿ ಇದ್ಯಾ?" ಅಂತ ಮೂರು ಸಲ ಕೇಳಿದರು. ಚಗಳಿ ಚಟ್ನಿ ಅವರು ಕೇಳಿದ್ದು. "ಅದು ನಮಗೆ ಥಂಡಿ ಆದಾಗ ಮಾಡ್ಕಳದು, ಮಾರಕ್ಕಲ್ಲ" ಅಂತ ಅಕ್ಕ ಒಳಗೆ ಹೋದರು. ಒಡಿಶಾದ ಸಿಮಿಲಿಪಾಲದ ಕೆಂಪಿರುವೆ ಚಟ್ನಿಗೆ 2024ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದ ಮೇಲೆ ನಮ್ಮ ಚಗಳಿಗೂ ಬೆಲೆ ಬಂದುಬಿಟ್ಟಿದೆ. ಗೂಡಿಗೆ ಕೈ ಹಾಕಿ ಕಚ್ಚಿಸಿಕೊಂಡವನಿಗೆ ಗೊತ್ತು ಅದರ ಬೆಲೆ.

ಊಟ ಬಂತು. ಕಡುಬು ಬೆಳಗ್ಗೆಯದು, ಮತ್ತೆ ಬಿಸಿ ಮಾಡಿದ್ದು, ಹೊರಗೆ ಸಿಪ್ಪೆ ಕಟ್ಟಿತ್ತು. ಹಪ್ಪಳ ಮೆತ್ತಗೆ. ಹೊಳೆ ಮೀನಿನ ಸಾರು ಅಂತ ಸ್ಪೆಷಲ್ ಇತ್ತು, ಅದಕ್ಕೆ ಬೇರೆ 180. ಒಂದು ಚಮಚ ಬಾಯಿಗೆ ಹಾಕಿದ ತಕ್ಷಣ ಗೊತ್ತಾಯಿತು. ಟೊಮೆಟೊ! ಮೀನು ತಾಜಾ ಇತ್ತು, ಖಾರ ಹದವಾಗಿತ್ತು, ಆದರೆ ಆ ಟೊಮೆಟೊ ಸಿಹಿ ಎಲ್ಲದರ ಮೇಲೂ ಹತ್ತಿ ಕೂತಿತ್ತು. ಸ್ನೇಹಿತ ಸೂಪರ್ ಅಂತ ತಿಂದ. ಅವನಿಗೆ ಗೊತ್ತಾಗದ್ದೇ ನನಗೆ ಇನ್ನೂ ಬೇಜಾರು, ಇದೇ ಮಲೆನಾಡು ರುಚಿ ಅಂತ ಅವನು ಬೆಂಗಳೂರಿಗೆ ಹೋಗಿ ಹೇಳುತ್ತಾನಲ್ಲ.

ಸುಮ್ನೆ ಬರಬಹುದಿತ್ತು, ಬಾಯಿ ತಡೆಯಲಿಲ್ಲ. ಕೈ ತೊಳೆಯುವಾಗ ಕೇಳಿಯೇ ಬಿಟ್ಟೆ, "ಇವತ್ತು ಹುಳಿ ಯಾವುದು ಅಕ್ಕಾ?" ಅಕ್ಕ ಒಂದು ಕ್ಷಣ ನನ್ನ ಮುಖ ನೋಡಿದರು. "ವಾಟೆ ಖಾಲಿ ಆತು ಮೊನ್ನೆ. ನಿಮಗೆ ಗೊತ್ತಾಯ್ತನಾ?" ಅಂದರು. ಆಮೇಲೆ ಮೀನಿನ 180 ಬಿಲ್ಲಿನಿಂದ ಹೊಡೆದು ಹಾಕಿದರು. ನಾನು ಬೇಡ ಅಂದರೂ ಕೇಳಲಿಲ್ಲ. ನನಗೆ ನಾಚಿಕೆ ಆಯಿತು, ಆದರೂ ಹೇಳಿದ್ದು ತಪ್ಪು ಅಂತ ಈಗಲೂ ಅನ್ನಿಸುವುದಿಲ್ಲ. ಹುಳಿ ಇಲ್ಲದಿದ್ದರೆ ಮೀನು ಸಾರು ಇಲ್ಲ ಅನ್ನಬೇಕಿತ್ತು. ಆರು ಕಾರು ಅಂಗಳದಲ್ಲಿ ನಿಂತಾಗ ಇಲ್ಲ ಅನ್ನುವುದು ಎಷ್ಟು ಕಷ್ಟ ಅಂತಲೂ ಗೊತ್ತು. ರಜೆ ದಿನ ಹೋಗಬೇಡಿ, ಅಷ್ಟೇ ನಾನು ಹೇಳುವುದು.

ಉಳಿದ ಸಣ್ಣಪುಟ್ಟದ್ದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಮಳೆಗಾಲದಲ್ಲಿ ಮಣ್ಣು ರಸ್ತೆ ಜಾರುತ್ತದೆ, ಸಣ್ಣ ಕಾರಿನವರು ಡಾಂಬರಿನ ಹತ್ತಿರವೇ ನಿಲ್ಲಿಸಿ ನಡೆಯಿರಿ. ನಡೆದರೆ ಉಂಬಳ, ಅಂದರೆ ಜಿಗಣೆ, ಹತ್ತುತ್ತವೆ, ಅದಕ್ಕೆ ಹೋಟೆಲಿನವರನ್ನು ಬೈದು ಪ್ರಯೋಜನ ಇಲ್ಲ. ಬಚ್ಚಲು ಶುಚಿಯಾಗಿದೆ. ನೆಟ್‌ವರ್ಕ್ ಒಮ್ಮೊಮ್ಮೆ ಮಾತ್ರ, ಫೋನ್‌ಪೇ ನಂಬಿಕೊಂಡು ಹೋಗಬೇಡಿ, ನಗದು ಇಟ್ಟುಕೊಳ್ಳಿ. ಕುದಿಸಿದ ನೀರು ತಾಮ್ರದ ಹಂಡೆಯಲ್ಲಿ ಇರುತ್ತದೆ, ಆದರೂ ಡಿಸೆಂಬರಿನಲ್ಲಿ ಎಲ್ಲರ ಮುಂದೆ ಪ್ಲಾಸ್ಟಿಕ್ ಬಾಟಲ್ ಇಟ್ಟಿದ್ದರು, ಅದು ನೋಡಲು ಚಂದ ಇರಲಿಲ್ಲ. ಬೆಳಗ್ಗೆ 9ರೊಳಗೆ ಫೋನ್ ಮಾಡಿ ಎಷ್ಟು ಜನ ಅಂತ ಹೇಳಿ. ಮಧ್ಯಾಹ್ನ ಊಟ ಮಾತ್ರ, ರಾತ್ರಿ ಇಲ್ಲ.

ನಾಲ್ಕನೇ ಸಲ ಹೋಗಲು ಮನಸ್ಸಿರಲಿಲ್ಲ. ಏಪ್ರಿಲ್ ಬಿಸಿಲಿಗೆ ಹೆಂಡತಿಯೇ ಹೊರಡಿಸಿದಳು. ಬುಧವಾರ, ನಾವಿಬ್ಬರೇ ಗಿರಾಕಿ. ಎಲೆ ಹಾಕುವ ಮೊದಲೇ ಲೋಟದಲ್ಲಿ ಅಪ್ಪೆಹುಳಿ ಬಂತು. ಅಪ್ಪೆಮಾವಿನಕಾಯಿ ಬೇಯಿಸಿ ಕಿವುಚಿ, ನೀರು ಬಿಟ್ಟು, ಉಪ್ಪು, ಹಸಿಮೆಣಸು, ಇಂಗಿನ ಒಗ್ಗರಣೆ. ಅಷ್ಟೇ. ಕುದಿಸಿದ ಮೇಲೂ ಆ ಕಾಯಿಯ ಪರಿಮಳ ಹೋಗುವುದಿಲ್ಲ, ಲೋಟ ಮೂಗಿನ ಹತ್ತಿರ ತಂದರೆ ಸಾಕು. ಅಕ್ಕ ಏನೂ ಹೇಳಲಿಲ್ಲ, ನಾನು ಕುಡಿಯುವುದನ್ನೇ ನೋಡುತ್ತ ಬಾಗಿಲ ಹತ್ತಿರ ನಿಂತಿದ್ದರು. ನಾನು ಎರಡನೇ ಲೋಟ ಚಾಚಿದೆ, ಅವರು ನಕ್ಕರು. ಡಿಸೆಂಬರಿನ ಲೆಕ್ಕ ಅಲ್ಲಿಗೆ ಚುಕ್ತಾ.

ಅವತ್ತು ಹಲಸಿನಕಾಯಿ ಪಲ್ಯ, ಬಾಳೆದಿಂಡಿನ ಹಶಿ (ಮೊಸರು ಬೆರೆಸಿದ ಹಸಿ ಪಚಡಿ), ವಾಟೆ ಹಾಕಿದ ತೊಗರಿಬೇಳೆ ಸಾರು. ಹೊಸ ವಾಟೆ, ಆ ವರ್ಷದ್ದು, ಜಗಲಿಯ ತುದಿಗೆ ಗೆರಸಿಯಲ್ಲಿ ಒಣಗುತ್ತಿತ್ತು. ಸಾರು ಎರಡು ಸಲ ಹಾಕಿಸಿಕೊಂಡೆ. ಅಪ್ಪೆಹುಳಿ ಕುಡಿದರೆ ನಿದ್ದೆ ಬರುತ್ತದೆ ಅನ್ನುವುದು ಎಷ್ಟು ನಿಜವೋ, ಊಟ ಆದ ಮೇಲೆ ಇಬ್ಬರೂ ಜಗಲಿಯ ಚಾಪೆ ಮೇಲೆ ಮುಕ್ಕಾಲು ಗಂಟೆ ಬಿದ್ದುಕೊಂಡೆವು, ಯಾರೂ ಎಬ್ಬಿಸಲಿಲ್ಲ. ಯಾವ ರೆಸಾರ್ಟಿನಲ್ಲಿ ಇದು ಸಿಗುತ್ತದೆ ಹೇಳಿ.

ಹೊರಡುವಾಗ ಮಿಡಿ ಉಪ್ಪಿನಕಾಯಿ ಕೊಂಡೆವು, ಅರ್ಧ ಕೆಜಿಗೆ 350. ದುಬಾರಿ ಅನ್ನುವವರು ಒಂದು ಸಲ ಮಿಡಿ ಸೀಸನ್ನಿನಲ್ಲಿ ರಿಪ್ಪನ್‌ಪೇಟೆಗೆ ಹೋಗಿ ಬನ್ನಿ, ಅಲ್ಲಿ ಮಿಡಿಯನ್ನು ತೂಕಕ್ಕೆ ಹಾಕದೆ ನೂರರ ಲೆಕ್ಕದಲ್ಲಿ ಎಣಿಸಿ ಮಾರುತ್ತಾರೆ. ಹೊಳೆ ದಂಡೆಯ ಎತ್ತರದ ಮರ ಹತ್ತಿ, ತೊಟ್ಟು ಮುರಿಯದ ಹಾಗೆ ಬಿಡಿಸಬೇಕು, ತೊಟ್ಟಿನ ಸೊನೆ ಹೋದರೆ ಪರಿಮಳವೂ ಹೋಯಿತು. ಉಪ್ಪಿನಲ್ಲಿ ಹಾಕಿಟ್ಟು, ಚಿರುಟಿದ ಮೇಲೆ ಆ ಉಪ್ಪುನೀರಲ್ಲೇ ಸಾಸಿವೆ, ಮೆಣಸು ರುಬ್ಬಿ ಬೆರೆಸುವುದು. ಎಣ್ಣೆ ಒಂದು ತೊಟ್ಟೂ ಇಲ್ಲ, ಆದರೂ ವರ್ಷಗಟ್ಟಲೆ ಇರುತ್ತದೆ. ಅಕ್ಕನದು ಜೀರಿಗೆ ಪರಿಮಳದ ಮಿಡಿ, ಹಿಂದಿನ ವರ್ಷ ಹಾಕಿದ್ದು. ಕಚ್ಚಿದರೆ ಟಕ್ ಅನ್ನುತ್ತದೆ. ಉಪ್ಪು ಸ್ವಲ್ಪ ಮುಂದಿದೆ, ಮೊಸರನ್ನಕ್ಕೆ ಸರಿ, ಬರೀ ತಿನ್ನಲು ಕಷ್ಟ.

ಆ ಡಬ್ಬಿ ದಾವಣಗೆರೆಗೆ ಹೋಯಿತು. ನನ್ನ ಮಾವನವರು ರೊಟ್ಟಿ ಜೊತೆ ಒಂದು ಮಿಡಿ ಹಾಕಿಕೊಂಡು, "ಇದರಾಗ ಎಣ್ಣೀನೇ ಇಲ್ಲಲ್ಲ, ಕೆಟ್ಟೋಗಂಗಿಲ್ಲೇನು?" ಅಂತ ಅನುಮಾನದಿಂದ ಕಚ್ಚಿದರು. ಆಮೇಲೆ ಇನ್ನೊಂದು. ಆಮೇಲೆ ಡಬ್ಬಿಯನ್ನೇ ಹತ್ತಿರಕ್ಕೆ ಎಳೆದುಕೊಂಡರು. ಒಂದು ತಿಂಗಳಲ್ಲಿ ಖಾಲಿ. ಬರುವ ವರ್ಷಕ್ಕೆ ಎರಡು ಕೆಜಿ ಬೇಕಂತೆ, ಮುಂಗಡ ದುಡ್ಡೂ ಕಳಿಸಿದ್ದಾರೆ. ಅಕ್ಕನಿಗೆ ಫೋನ್ ಮಾಡಿ ಹೇಳಿದೆ. "ದುಡ್ಡು ನೀವೇ ಇಟ್ಕಳಿ ಮಾರಾಯ್ರೆ, ಮರ ಬಿಟ್ರೆ ಕೊಡ್ತೀನಿ, ಬಿಡದಿದ್ರೆ ಎಲ್ಲಿಂದ ತರಲಿ?" ಅಂದರು.